ದೇವರ ಗೂಡು ಸೇರಿದ ಕಾದಂಬರಿ

ಒಂದು ಪುಸ್ತಕ ಮನಸ್ಸಿಗೆ ಹಿಡಿಸಿತೆಂದರೆ ಅದನ್ನು ಮುಚ್ಚಿಟ್ಟು ಸುಮ್ಮನಿರುವುದು ನನ್ನಿಂದ ಆಗದ ಕೆಲಸ. ಕೆಲವು ಹೆಂಗಸರಿಗೆ ಊರಿನವರ ಮಕ್ಕಳಿಗೆಲ್ಲ ಸಂಬಂಧ ಕುದುರಿಸುವ ಹುಚ್ಚಿರುತ್ತದಲ್ಲ, ನನಗೆ ಪುಸ್ತಕಕ್ಕೂ ಮನುಷ್ಯರಿಗೂ ಗಂಟು ಹಾಕುವ ಹುಚ್ಚು. ಎರಡೂ ಕಡೆಯವರ ಒಪ್ಪಿಗೆ ಕೇಳುವುದಿಲ್ಲ. ‘ಯು ಮಸ್ಟ್ ರೀಡ್ ಇಟ್’ ಎಂದು ಎದುರಿಗಿದ್ದವರ ಕೈಗೆ ತುರುಕುತ್ತೇನೆ. ತುರುಕಿದ ಮೇಲಾದರೂ ಬಿಡುತ್ತೇನೆಯೇ? ಎರಡು ದಿನಕ್ಕೊಮ್ಮೆ, ‘ಎಲ್ಲಿಗೆ ಬಂದಿರಿ? ಅವಳು ಕಾಗದ ಹರಿಯುವ ಜಾಗ ಬಂತೆ?’ ಎಂದು ಬೆನ್ನು ಹತ್ತುತ್ತೇನೆ. ತಮಿಳು ಸೀಮೆಯ ಮೆಟ್ಟೂರಿನ ನಮ್ಮ ಬೀದಿಯಲ್ಲಿ ನಾನು ಸಂಜೆ ವಾಕಿಂಗ್ ಹೊರಟರೆ ಕೆಲವರಿಗೆ ಇದ್ದಕ್ಕಿದ್ದಂತೆ ಒಲೆಯ ಮೇಲಿಟ್ಟ ಹಾಲು ನೆನಪಾಗುವುದು ಇದೇ ಕಾರಣಕ್ಕೆ. ನನಗೆ ಗೊತ್ತಿದೆ. ಗೊತ್ತಿದ್ದೂ ಬಿಡಲಾಗುತ್ತಿಲ್ಲ.

ನಾನು ಈಗ ಹೇಳಹೊರಟಿರುವುದು ನನ್ನ ಅತ್ಯಂತ ಫೇವರಿಟ್ ಕಾದಂಬರಿಯ ಕಷ್ಟದ ಕಥೆ. ಅದರ ಹೆಸರು ಹೇಳುವುದಿಲ್ಲ. ಹೇಳಿದರೆ ನೀವು ಕೇಳುತ್ತೀರಿ, ಕೇಳಿದರೆ ಕೊಡುತ್ತೇನೆ, ಕೊಟ್ಟರೆ ಆಯಿತಲ್ಲ, ಮುಂದಿನ ಪ್ರಬಂಧಕ್ಕೆ ಇನ್ನೊಂದು ವಿಷಯ ಸಿಕ್ಕಿದಂತೆ. ನಾನು ಓದಿದ್ದು ಏರ್ಕಾಡು ಬೆಟ್ಟದ ಮೇಲಿನ ಒಂದು ಕಾನ್ವೆಂಟಿನಲ್ಲಿ. ಅಲ್ಲಿ ಕನ್ನಡದಲ್ಲಿ ಒಂದು ಮಾತಾಡಿ ಸಿಕ್ಕಿಬಿದ್ದರೆ ‘ಐ ಶಲ್ ಸ್ಪೀಕ್ ಇಂಗ್ಲಿಷ್’ ಎಂದು ನೂರು ಸಲ ಬರೆಯಬೇಕಿತ್ತು. ನನ್ನ ಇಂಗ್ಲಿಷ್ ಹ್ಯಾಂಡ್‌ರೈಟಿಂಗ್ ಇಷ್ಟು ಚೆನ್ನಾಗಿರುವುದು ನಾನು ಅಷ್ಟು ಸಲ ಸಿಕ್ಕಿಬಿದ್ದದ್ದರಿಂದಲೇ. ರಜೆಗೆ ಕೊಳ್ಳೇಗಾಲದ ಚಿಕ್ಕಮ್ಮನ ಮನೆಗೆ ಹೋದಾಗ ಅವರು ಬೂದಿ ಹರಡಿದ ಹಲಗೆಯ ಮೇಲೆ ಬೆರಳು ಹಿಡಿದು ಕನ್ನಡ ಅಕ್ಷರ ತೀಡಿಸಿದರು. ನನ್ನ ಮದುವೆಯಲ್ಲಿ ಎಲ್ಲರೂ ಪಾತ್ರೆ ಕೊಟ್ಟರೆ ಚಿಕ್ಕಮ್ಮ ಈ ಹಸಿರು ರಟ್ಟಿನ ಕಾದಂಬರಿ ಕೊಟ್ಟು, ‘ಆ ಊರಲ್ಲಿ ಮಾತಾಡೋಕೆ ಯಾರೂ ಸಿಗದಿದ್ದರೆ ಇವಳ ಜೊತೆ ಮಾತಾಡು’ ಎಂದಿದ್ದರು. ಚಿಕ್ಕಮ್ಮ ಈಗಿಲ್ಲ. ಪ್ರಕಾಶಕರ ಅಂಗಡಿಯೂ ಇಲ್ಲವಂತೆ. ಬೆಂಗಳೂರಿನ ಹಳೆಯ ಪುಸ್ತಕದ ಅಂಗಡಿಗಳಿಗೆಲ್ಲ ಕಾಗದ ಬರೆದು ಕೇಳಿದ್ದೇನೆ, ಇನ್ನೊಂದು ಪ್ರತಿ ಸಿಗಲಿಲ್ಲ. ಭೂಮಿಯ ಮೇಲೆ ನನಗೆ ತಿಳಿದಂತೆ ಇರುವುದು ಆ ಒಂದೇ ಒಂದು.

ಅಷ್ಟು ಅಮೂಲ್ಯವಾದದ್ದನ್ನು ಬೀರುವಿನಲ್ಲಿಟ್ಟು ಬೀಗ ಜಡಿಯಬಾರದೇ ಎಂದು ನೀವು ಕೇಳಬಹುದು. ಅದೇ ನನ್ನ ರೋಗ. ಒಬ್ಬಳೇ ಇಷ್ಟಪಟ್ಟ ಪುಸ್ತಕ ಒಬ್ಬಳೇ ಕೂತು ತಿಂದ ಹೋಳಿಗೆಯ ಹಾಗೆ, ಗಂಟಲಲ್ಲಿ ಇಳಿಯುವುದಿಲ್ಲ. ‘ಹೌದು ಕಣ್ರೀ, ನಾನೂ ಅಲ್ಲಿ ಅತ್ತೆ’ ಎನ್ನುವ ಇನ್ನೊಂದು ಜೀವ ಬೇಕು. ಮೂವತ್ತೈದು ವರ್ಷ ಹುಡುಕಿದೆ. ಮೊದಲ ಬಲಿ ನಮ್ಮ ಯಜಮಾನರು. ಅವರು ಅಣೆಕಟ್ಟಿನಲ್ಲಿ ಇಂಜಿನಿಯರಾಗಿದ್ದವರು, ನೀರಿನ ಮಟ್ಟ ಎಷ್ಟು ಅಡಿ ಎಂಬುದೊಂದನ್ನು ಬಿಟ್ಟು ಬೇರೆ ಯಾವ ಏರಿಳಿತಕ್ಕೂ ತಲೆ ಕೆಡಿಸಿಕೊಂಡವರಲ್ಲ. ನನ್ನ ಕಾಟ ತಾಳದೆ ಒಂದು ಭಾನುವಾರ ಪುಸ್ತಕ ಕೈಗೆತ್ತಿಕೊಂಡು ನೇರ ಕೊನೆಯ ಪುಟ ತೆರೆದು ಓದಿ, ‘ಸರಿ, ಹೋದಳು. ಕಾಫಿ ಆಯಿತಾ?’ ಎಂದರು. ಹತ್ತು ಅಧ್ಯಾಯ, ಒಂದು ಹೆಣ್ಣಿನ ಇಡೀ ಬದುಕು, ‘ಸರಿ, ಹೋದಳು!’ ಆ ದಿನ ಕಾಫಿ ತಡವಾಯಿತು. ಅಷ್ಟೇ ನಾನು ಮಾಡಬಹುದಾಗಿದ್ದ ರಿವೆಂಜ್.

ಇನ್ನು ಪಕ್ಕದ ಮನೆಯ ಪಂಕಜಂ ಮಾಮಿ. ಸೇಲಂ ಕಡೆಯವರು, ಭಾರೀ ಓದುಗರು, ಆದರೆ ಓದುವುದೆಲ್ಲ ತಮಿಳು ವಾರಪತ್ರಿಕೆಯ ಧಾರಾವಾಹಿ. ವಾರವಾರವೂ ಹಾಳೆ ಕತ್ತರಿಸಿ, ಕಥೆ ಮುಗಿದ ಮೇಲೆ ಗೋಣಿ ದಾರದಲ್ಲಿ ಹೊಲಿದು, ಹಳೆಯ ಕ್ಯಾಲೆಂಡರಿನ ರಟ್ಟು ಹಾಕಿ ಇಟ್ಟಿದ್ದಾರೆ. ನಾನು ನನ್ನ ಕಾದಂಬರಿಯ ಕಥೆಯನ್ನು ನನ್ನ ಹರಕು ತಮಿಳಿನಲ್ಲಿ ಬೇಲಿಯ ಮೇಲಿಂದ ಹೇಳುತ್ತಿದ್ದರೆ ಅವರು ಅರ್ಧದಲ್ಲೇ ತಡೆದು, ‘ಅದು ಇರುಕ್ಕಟ್ಟುಂ ಮಾಮಿ, ನೀಂಗ ಇದೈ ಕಂಡಿಪ್ಪಾ ಪಡಿಕ್ಕಣುಂ’ ಎನ್ನುತ್ತ ತಮ್ಮ ಹೊಲಿದ ಗಂಟೊಂದನ್ನು ದಾಟಿಸುತ್ತಾರೆ. ಅದು ಹಾಗಿರಲಿ, ನೀವು ಇದನ್ನು ಓದಲೇಬೇಕು ಅಂತ. ನನ್ನ ಅಸ್ತ್ರವನ್ನೇ ನನ್ನ ಮೇಲೆ ಬಿಡುವುದು! ಓದಿದೆ. ಅಕ್ಷರ ಕೂಡಿಸಿಕೊಂಡು ಓದಿ ಮುಗಿಸಲು ಮೂರು ತಿಂಗಳು ಹಿಡಿಯಿತು. ಕೊನೆಯ ಎರಡು ವಾರದ ಹಾಳೆಗಳೇ ಇರಲಿಲ್ಲ. ಕೇಳಿದರೆ, ‘ಅದರಲ್ಲಿ ಹಪ್ಪಳ ಒಣಗಿಸಿದ್ದೆ’ ಎಂದರು.

ಹೀಗಿರುವಾಗ ನನ್ನ ಹಿತ್ತಲಿಗೆ ಮಾದಮ್ಮ ಬಂದಳು. ಬೆಣ್ಣೆ ಮಾರುವವಳು, ಮೆಟ್ಟೂರಿನಿಂದ ಬಸ್ಸಿನಲ್ಲಿ ಒಂದು ಗಂಟೆ ದೂರದ ಹಳ್ಳಿಯವಳು, ಮನೆತುಂಬ ಕುರಿ, ಎಮ್ಮೆ, ಒಂದಿಷ್ಟು ರಾಗಿ ಹೊಲ. ನಾನು ಎಂದಿನಂತೆ ತಮಿಳಿನಲ್ಲಿ ಬೆಣ್ಣೆ ಹಳೆಯದೋ ಹೊಸದೋ ಎಂದು ತಡವರಿಸುತ್ತಿದ್ದಾಗ ಅವಳು, ‘ಯಾಕಮ್ಮ ಅಂಗೆ ತಿಣುಕ್ತೀಯ, ಕನ್ನಡದಲ್ಲೇ ಕೇಳು. ನೆನ್ನೆ ಕಡ್ದಿದ್ದು, ಮೂಸ್ನೋಡು’ ಎಂದಳು. ನನಗೆ ಆದ ಸಂತೋಷಕ್ಕೆ ಬೆಣ್ಣೆಯನ್ನು ಮೂಸುವುದೇ ಮರೆತುಹೋಯಿತು. (ಅದು ನೆನ್ನೆ ಕಡೆದದ್ದಾಗಿರಲಿಲ್ಲ.) ಅಂದಿನಿಂದ ಅವಳು ಬಂದಾಗಲೆಲ್ಲ ಕಟ್ಟೆಯ ಮೇಲೆ ಕೂರಿಸಿ, ಮಜ್ಜಿಗೆ ಕೊಟ್ಟು, ಕಾದಂಬರಿಯ ಕಥೆ ಶುರುಮಾಡಿದೆ. ನಾಯಕಿ ವನಮಾಲೆ, ಅವಳ ಗಂಡ ದೂರದ ಊರಿನಲ್ಲಿ ಕೆಲಸ ಮಾಡುತ್ತ ವರ್ಷಗಟ್ಟಲೆ ಮನೆಗೇ ಬಾರದಿರುವುದು, ಬಾಯಿ ಬಿಟ್ಟರೆ ಗದರುವ ಅತ್ತೆ, ಹಾಡು ಕಲಿಯಬೇಕೆಂಬ ಅವಳ ಆಸೆ. ಮಾದಮ್ಮ ಬಾಯಿ ತೆರೆದು ಕೇಳುತ್ತಿದ್ದಳು. ಮೂವತ್ತೈದು ವರ್ಷಗಳ ಬಳಿಕ ಒಬ್ಬ ಓದುಗಿತ್ತಿ! ‘ಮುಂದೇನಾಯ್ತಮ್ಮ?’ ಎಂದು ಅವಳು ಕೇಳಿದ್ದೇ ತಡ, ನನ್ನ ರೋಗ ಉಲ್ಬಣಿಸಿತು. ‘ಬಾಯಲ್ಲಿ ಕೇಳಿದರೆ ಏನು ಚೆನ್ನ? ಓದಬೇಕು. ನಿಮ್ಮ ಮನೆಯಲ್ಲಿ ಕನ್ನಡ ಪುಸ್ತಕ ಇದೆಯಾ?’ ಎಂದೆ. ‘ಅಯ್ಯೋ, ಇಲ್ದೆ ಏನಮ್ಮ! ನಮ್ಮಾವಂದು ಐತೆ. ನಮ್ಮತ್ತೆ ದಿನಾ ತಗೀತದೆ’ ಎಂದಳು.

ದಿನವೂ ಪುಸ್ತಕ ತೆಗೆಯುವ ಅತ್ತೆ! ಕುರಿ ಸಾಕುವ ಮನೆಯಲ್ಲಿ ಎಂಥ ಕಲ್ಚರ್ ಎಂದು ನನ್ನ ಕಣ್ಣು ತುಂಬಿತು. ತೆಗೆದು ಏನು ಮಾಡುತ್ತಾರೆ ಎಂದು ಕೇಳಬೇಕೆಂದು ಕಾನ್ವೆಂಟಿನಲ್ಲಿ ಓದಿದ ಈ ತಲೆಗೆ ಹೊಳೆಯಲಿಲ್ಲ. ಹಸಿರು ರಟ್ಟಿನ ಪುಸ್ತಕಕ್ಕೆ ಪೇಪರಿನ ಹೊದಿಕೆ ಹಾಕಿ ಅವಳ ಬುಟ್ಟಿಯಲ್ಲಿಟ್ಟುಬಿಟ್ಟೆ. ಮೂರನೆಯ ವಾರ ಕೇಳಿದೆ, ‘ನಿಮ್ಮತ್ತೆ ಎಲ್ಲಿಗೆ ಬಂದರು?’

‘ಎಲ್ಲಿಗೂ ಬರಲ್ಲ, ಮಂಡಿ ನೋವು, ಮನೇಲೇ ಅದೆ.’

‘ಅಲ್ಲ ಮಾದಮ್ಮ, ಪುಸ್ತಕದಲ್ಲಿ!’

‘ಪುಸ್ತಕಾನಾ? ಬೋ ಬದ್ರವಾಗಿ ಐತಮ್ಮ, ನೀ ಏನೂ ಯೋಚ್ನೆ ಮಾಡ್ಬೇಡ. ನಮ್ಮತ್ತೆ ದಿನಾ ಊವ ಮುಡುಸ್ತದೆ.’

‘ಹೂವಾ? ಪುಸ್ತಕಕ್ಕಾ?’

‘ಊಂ. ಸ್ವಾಮವಾರ ಕಾಯೂ ಒಡದ್ವು’ ಎಂದಳು ಮಾದಮ್ಮ, ಇನ್ನೇನು ಬೇಕು ನಿನ್ನ ಪುಸ್ತಕಕ್ಕೆ ಎನ್ನುವ ಹಾಗೆ.

ಮರುದಿನವೇ ಬಸ್ಸು ಹತ್ತಿದೆ. ‘ಎಲ್ಲಿಗೆ?’ ಎಂದರು ಯಜಮಾನರು. ‘ನನ್ನ ಕಾದಂಬರಿಗೆ ಯಾರೋ ಪೂಜೆ ಮಾಡುತ್ತಿದ್ದಾರೆ’ ಎಂದೆ. ‘ಕೊನೆಗೂ ನಿನಗೆ ಬೇಕಾದಂಥ ಓದುಗರು ಸಿಕ್ಕಿದರು ಬಿಡು’ ಎಂದು ಪೇಪರಿನ ಹಿಂದೆ ಮರೆಯಾದರು. ಬಸ್ಸಿಳಿದು, ಕುರುಚಲು ಗಿಡಗಳ ನಡುವೆ ಒಂದು ಮೈಲಿ ನಡೆದು, ಕುರಿಹಟ್ಟಿಯ ಪಕ್ಕದ ಹೆಂಚಿನ ಮನೆ ಸೇರಿದೆ. ನಡುಮನೆಯ ಗೋಡೆಯಲ್ಲಿ ದೇವರ ಗೂಡು. ಅದರೊಳಗೆ ಮಾದಪ್ಪನ ಪಟ, ಪಟದ ಬಲಕ್ಕೆ ಎಣ್ಣೆ ಹಿಡಿದು ಕಪ್ಪಾದ ಒಂದು ನೋಟುಪುಸ್ತಕ, ಎಡಕ್ಕೆ ನನ್ನ ವನಮಾಲೆ! ನಾನು ಹಾಕಿದ್ದ ಪೇಪರಿನ ಹೊದಿಕೆ ತೆಗೆದು ಹಸಿರು ರಟ್ಟಿನ ಮೇಲೆ ಮೂರು ಗೆರೆ ವಿಭೂತಿ ಎಳೆದಿದ್ದರು, ನಡುವೆ ಕುಂಕುಮ, ಮೇಲೆ ಒಂದು ಮೊಳ ಕನಕಾಂಬರ. ಗಂಡನ ಮನೆ ಬಿಟ್ಟು ರೈಲು ಹತ್ತಿ ಹೋಗುವವಳು ಅಲ್ಲಿ ಮುತ್ತೈದೆಯ ಹಾಗೆ ಕೂತಿದ್ದಳು.

ಮಾದಮ್ಮನ ಅತ್ತೆ ಕೆಂಪಮ್ಮ ಕಂಬಕ್ಕೆ ಒರಗಿ ಎಲೆ ಮೆಲ್ಲುತ್ತಿದ್ದರು. ನನಗಿಂತ ಹತ್ತು ವರ್ಷ ಹಿರಿಯರಿರಬೇಕು. ನಿಧಾನವಾಗಿ ವಿಷಯ ತಿಳಿಯಿತು. ಆ ಊರಿನಲ್ಲಿ ಎಲ್ಲರೂ ಆಡುವುದು ಕನ್ನಡ, ಆದರೆ ಓದುವುದೆಲ್ಲ ತಮಿಳು. ಶಾಲೆ ತಮಿಳು, ಬಸ್ಸಿನ ಬೋರ್ಡು ತಮಿಳು, ರೇಷನ್ ಕಾರ್ಡು ತಮಿಳು. ಕನ್ನಡ ಅಕ್ಷರ ಗೊತ್ತಿದ್ದವರು ಕೆಂಪಮ್ಮನ ಗಂಡ ಒಬ್ಬರೇ. ಅವರು ಮಾದಪ್ಪನ ಪದಗಳನ್ನು ಆ ನೋಟುಪುಸ್ತಕದಲ್ಲಿ ಬರೆದುಕೊಂಡು ಸೋಮವಾರ ಸೋಮವಾರ ಓದುತ್ತಿದ್ದರಂತೆ. ಅವರು ಹೋದ ಮೇಲೆ ನೋಟುಪುಸ್ತಕವನ್ನು ದಿನಾ ತೆಗೆಯುವುದು, ಒರೆಸುವುದು, ಕೈ ಮುಗಿದು ಇಡುವುದು. ಹೀಗಾಗಿ ಅಲ್ಲಿ ಯಾರ ಕಣ್ಣಿಗಾದರೂ ಕನ್ನಡ ಅಕ್ಷರ ಬಿತ್ತೆಂದರೆ ಅದು ದೇವರದ್ದು. ಮಗನ ಲಾರಿಯಲ್ಲಿ ಬಂದಿದ್ದ ಒಂದು ಕನ್ನಡದ ಬೀಡಿ ಜಾಹೀರಾತನ್ನೂ ಹಿಂದೊಮ್ಮೆ ಗೂಡಿಗೆ ಏರಿಸಿದ್ದರೆಂದು ಮಾದಮ್ಮ ಆಮೇಲೆ ನನ್ನ ಕಿವಿಯಲ್ಲಿ ಹೇಳಿದಳು.

‘ಕೆಂಪಮ್ಮನವರೇ, ಇದು ದೇವರ ಪುಸ್ತಕ ಅಲ್ಲ. ಸುಮ್ಮನೆ ಕಥೆ. ಯಾರೋ ಮನುಷ್ಯರು ಬರೆದದ್ದು’ ಎಂದೆ.

‘ಅದನ್ನೂ ನಮ್ಮೆಜಮಾನ್ರೇ ಬರದದ್ದು’ ಎಂದು ಅವರು ನೋಟುಪುಸ್ತಕದ ಕಡೆ ಗದ್ದ ತೋರಿದರು. ‘ಅವ್ರೇನು ದೇವ್ರಾ? ಕುಡುದ್ರೆ ಅಟ್ಟಿ ಒಳೀಕೆ ಬುಡ್ತಿರ್ನಿಲ್ಲ ನಾನು. ಅಕ್ಸರ ದೇವ್ರುದು.’

ಈ ಆರ್ಗ್ಯುಮೆಂಟಿಗೆ ನನ್ನ ಕಾನ್ವೆಂಟಿನ ಸಿಸ್ಟರುಗಳು ಯಾರೂ ನನಗೆ ಉತ್ತರ ಕಲಿಸಿರಲಿಲ್ಲ. ‘ಹಾಗಾದರೂ ಅದು ನನ್ನದು, ನನಗೆ ವಾಪಸು ಬೇಕು’ ಎಂದು ನೇರವಾಗಿ ಹೇಳಿದೆ. ಕೆಂಪಮ್ಮ ಎಲೆ ಮೆಲ್ಲುವುದನ್ನು ನಿಲ್ಲಿಸಿದರು. ಆಗ ಗೊತ್ತಾಯಿತು ಆ ಮನೆಯ ಕಟ್ಟಳೆ. ಗೂಡಿಗೆ ಏರಿದ ಪುಸ್ತಕವನ್ನು ಓದದೆ ಇಳಿಸುವ ಹಾಗಿಲ್ಲ. ದೇವರ ಮುಂದೆ ಕೂತು, ಮನೆಯವರ ಎದುರಿಗೆ, ಮೊದಲಿಂದ ಕೊನೆಯವರೆಗೆ ಓದಿ ಮುಗಿಸಬೇಕು. ಆಮೇಲೆ ಯಾರದ್ದೋ ಅವರು ಒಯ್ಯಬಹುದು. ‘ಓದೋರು ಇಲ್ದೆ ಯಜಮಾನ್ರ ಪುಸ್ತಕ ಅಂಗೇ ಕುಂತದೆ. ನಿಂದ್ನ ಓದಕ್ಕೆ ನೀನೇ ಇದ್ದೀಯಲ್ಲ’ ಎಂದರು ಕೆಂಪಮ್ಮ. ಬೇರೆ ದಾರಿ ಇರಲಿಲ್ಲ. ಎಗರಿಸಿಕೊಂಡು ಓಡಲು ನನ್ನ ಮಂಡಿಗಳೂ ಅವರ ಮಂಡಿಗಳಂತೆಯೇ ಇದ್ದವು.

ಹೀಗೆ ಐದು ಸೋಮವಾರ ನಾನು ಒಂದು ಕಾದಂಬರಿಯ ಪಾರಾಯಣ ಮಾಡಿದೆ. ಸ್ನಾನ ಮಾಡಿ ಮಡಿಯುಟ್ಟು ಹೊರಟರೆ ಯಜಮಾನರು, ‘ಪ್ರಸಾದ ತರುವುದನ್ನು ಮರೆಯಬೇಡ’ ಎಂದು ಹಲ್ಲು ಕಿರಿಯುತ್ತಿದ್ದರು. ಅಕ್ಕಪಕ್ಕದ ಹೆಂಗಸರು ಏಳೆಂಟು ಜನ ಸೇರುತ್ತಿದ್ದರು. ಪ್ರತಿ ಅಧ್ಯಾಯ ಮುಗಿದಾಗ ಎಲ್ಲರೂ ‘ಉಘೇ ಮಾದಪ್ಪ’ ಎನ್ನಬೇಕು. ವನಮಾಲೆ ಗಂಡನಿಗೆ ಬರೆದ ಕಾಗದವನ್ನು ಚೂರು ಚೂರು ಮಾಡಿ ಬಾವಿಗೆ ಎಸೆಯುತ್ತಾಳೆ. ಉಘೇ ಮಾದಪ್ಪ! ದೇವಸ್ಥಾನಕ್ಕೆಂದು ಸುಳ್ಳು ಹೇಳಿ ಹಾಡು ಕಲಿಯಲು ಹೋಗುತ್ತಾಳೆ. ಉಘೇ ಉಘೇ! ನನಗೆ ಮೈಯೆಲ್ಲ ಬೆವರು.

ಬೇಗ ಮುಗಿಸೋಣವೆಂದು ಎರಡನೆಯ ಸೋಮವಾರ ನಾಲ್ಕು ಪುಟ ಒಟ್ಟಿಗೆ ಮಗುಚಿದೆ. ‘ಎರಡು ಆಳೆ ಒಟ್ಗೇ ಓಯ್ತು ಕಣಮ್ಮ’ ಎಂದರು ಕೆಂಪಮ್ಮ, ಕಣ್ಣು ಮುಚ್ಚಿಕೊಂಡೇ. ಕಣ್ಣು ಮುಚ್ಚಿ ಕೂತವರು ಹಾಳೆಯ ಸದ್ದು ಎಣಿಸುತ್ತಿದ್ದರು! ಅಕ್ಷರ ಬಾರದವರಿಗೆ ಓದಿ ಹೇಳುವುದು ಸುಲಭವೆಂದು ಯಾರಾದರೂ ತಿಳಿದಿದ್ದರೆ ಅವರನ್ನು ಆ ಗೂಡಿನ ಮುಂದೆ ಒಂದು ದಿನ ಕೂರಿಸಬೇಕು. ಇನ್ನು ಅವರ ಪ್ರಶ್ನೆಗಳು. ಕೊಳದ ಮೇಲೆ ಬೆಳದಿಂಗಳು ಬೀಳುವ ಎರಡು ಪುಟಗಳಿವೆ, ಕನ್ನಡದಲ್ಲಿ ಅದಕ್ಕಿಂತ ಚೆಲುವಾದದ್ದನ್ನು ನಾನು ಓದಿಲ್ಲ. ಧ್ವನಿ ತಗ್ಗಿಸಿ, ಎಲ್ಲೆಲ್ಲಿ ಉಸಿರು ನಿಲ್ಲಿಸಬೇಕೋ ಅಲ್ಲಲ್ಲಿ ನಿಲ್ಲಿಸಿ ಓದಿ ತಲೆಯೆತ್ತಿದರೆ ಒಬ್ಬಾಕೆ, ‘ಆ ಗಬ್ಬದ ಎಮ್ಮೆ ಏನಾಯ್ತು?’ ಎಂದಳು.

‘ಯಾವ ಎಮ್ಮೆ?’

‘ಮೊದಲ್ನೇ ವಾರ ಓದ್ದಲ್ಲಮ್ಮ, ಇತ್ಲಲ್ಲಿ ಕಟ್ಟಿತ್ತು ಅಂತ. ಇಷ್ಟೊತ್ಗೆ ಕರ ಆಕಿರ್ಬೇಕಲ್ಲ?’

ನಿಜ. ಎರಡನೆಯ ಅಧ್ಯಾಯದಲ್ಲಿ ಒಂದು ಸಾಲು ಎಮ್ಮೆಯಿದೆ. ಆಮೇಲೆ ಲೇಖಕರು ಅದನ್ನು ಸಂಪೂರ್ಣ ಮರೆತಿದ್ದಾರೆ. ಎಂಟೂ ಹೆಂಗಸರು ಎಮ್ಮೆಗಾಗಿ ಕಾಯುತ್ತಿದ್ದರು, ಬೆಳದಿಂಗಳು ಯಾರಿಗೂ ಬೇಕಿರಲಿಲ್ಲ. ‘ಹಾಕಿತು. ಹೆಣ್ಣು ಕರು’ ಎಂದುಬಿಟ್ಟೆ. ಎಲ್ಲರ ಮುಖ ಅರಳಿತು. ಮಹಾನ್ ಕಾದಂಬರಿಯೊಂದಕ್ಕೆ ದೇವರ ಮುಂದೆ ಕೂತು ಒಂದು ಕರು ಸೇರಿಸಿದ ಪಾಪ ನನ್ನದು.

ಐದನೆಯ ಸೋಮವಾರ ಕೊನೆಯ ಅಧ್ಯಾಯ. ಇದನ್ನು ಓದಿಬಿಟ್ಟರೆ ನನ್ನ ಪುಸ್ತಕ ನನ್ನ ಕೈಗೆ. ಆದರೆ ನಿಜ ಹೇಳುತ್ತೇನೆ, ಆ ಹೊತ್ತಿಗೆ ನನಗೆ ಅದಕ್ಕಿಂತ ಹೆಚ್ಚಾಗಿ ಬೇಕಿದ್ದದ್ದು ಅವರ ಕಣ್ಣೀರು. ಎಮ್ಮೆ ಕೇಳಿದವರು, ಹಾಳೆ ಎಣಿಸಿದವರು ಈಗಲಾದರೂ ಅಳಲಿ. ಓದತೊಡಗಿದೆ. ವನಮಾಲೆಗೆ ಬೆಳಿಗ್ಗೆ ಅತ್ತೆ ಬಲವಂತವಾಗಿ ಎರಡೆರಡು ಸಲ ಊಟ ಬಡಿಸುವುದು, ಬೇಡವೆಂದರೆ ಗದರುವುದು. ಮಧ್ಯಾಹ್ನ ಅತ್ತೆ ಮಲಗಿದ ಮೇಲೆ ವನಮಾಲೆ ಎದ್ದು ನೋಡಿದರೆ, ಸದಾ ಮುದುಕಿಯ ಸೊಂಟದಲ್ಲಿರುತ್ತಿದ್ದ ಬೀಗದ ಕೈಗೊಂಚಲು ಅಂದು ಗೂಟದಲ್ಲಿ ಮರೆತು ನೇತಾಡುತ್ತಿರುವುದು. ಹಿತ್ತಿಲ ಬಾಗಿಲು, ಸ್ಟೇಷನ್ನು, ಹಿಂದಿರುಗಿ ನೋಡದೆ ರೈಲು ಹತ್ತುವುದು. ಕೊನೆಯ ಸಾಲೂ ಮುಗಿಯಿತು. ಪುಸ್ತಕ ಮುಚ್ಚಿ ತಲೆಯೆತ್ತಿದೆ. ಯಾರೂ ಉಘೇ ಎನ್ನಲಿಲ್ಲ. ಮಾದಮ್ಮ ಸೆರಗಿನಿಂದ ಕಣ್ಣೊರೆಸುತ್ತಿದ್ದಳು. ಅಬ್ಬಾ, ಅಟ್ ಲಾಸ್ಟ್!

‘ಪಾವಂ’ ಎಂದಳು ಮಾದಮ್ಮ, ಪಾಪ ಎನ್ನುವುದನ್ನು ತಮಿಳಿನಲ್ಲಿ. ‘ಆ ಅತ್ತೆ ಪಾವಂ ಅಮ್ಮ.’

‘ಅತ್ತೆಯಾ? ಆ ರಾಕ್ಷಸಿಗಾ ನೀನು ಅಳುತ್ತಿರುವುದು?’

‘ಏನಮ್ಮ ನೀ ಇಂಗಂತೀಯ?’ ಕೆಂಪಮ್ಮ ಮುಂದಕ್ಕೆ ಬಾಗಿದರು. ‘ಅವ್ಳೇ ತಾನೇ ಕಳ್ಸಿದ್ದು?’

‘ಯಾರು ಕಳಿಸಿದರು? ಮುದುಕಿ ಕೀ ಮರೆತಳು, ಇವಳು ತಪ್ಪಿಸಿಕೊಂಡಳು.’

‘ಮರ್ತ್ಲಾ!’ ಕೆಂಪಮ್ಮ ತಮ್ಮ ಸೊಂಟದ ಗೊಂಚಲನ್ನು ಹಿಡಿದು ಒಮ್ಮೆ ಝಣ್ ಎನ್ನಿಸಿದರು. ‘ಇದ್ನ ಮರೀತಾರಾ ಯಾರಾದ್ರೂವೆ? ನಾನು ಎರಿಗೆ ನೋವಲ್ಲೂ ಬಿಚ್ಚಿಕ್ಕಿರ್ನಿಲ್ಲ. ದೂರದ ದಾರಿ ಅಂತ ಬೆಳಿಗ್ಗೆ ಎರಡು ದಪ ಉಣ್ಣಾಕಿಕ್ಕವ್ಳೆ. ಬೀಗದ ಕೈನ ಗೂಟಕ್ಕೆ ಸಿಗಾಕವ್ಳೆ. ಕಣ್ಣು ಮುಚ್ಕಂಡು ಬಿದ್ದವ್ಳೆ. ನಿದ್ದೆ ಬಂದಿರ್ತದಾ ಅವ್ಳಿಗೆ?’

‘ನಂಗೆ ಗೂಟ ಅಂದಾಗ್ಲೇ ಗೊತ್ತಾಯ್ತು’ ಎಂದಳು ಎಮ್ಮೆಯ ಹೆಂಗಸು.

‘ಆದರೆ ಲೇಖಕರು ಹಾಗೆ ಬರೆದಿಲ್ಲವಲ್ಲ!’ ಎಂದು ನಾನು ಕೂಗಿದೆ. ‘ಮರೆತಳು ಅಂತಲೇ ಬರೆದಿದ್ದಾರೆ, ಇಲ್ಲಿ, ನೋಡಿ!’ ಎಂದು ಆ ಪುಟವನ್ನು ಅವರ ಮುಖಕ್ಕೆ ಹಿಡಿದೆ. ಅವರಿಗೆ ಓದಲು ಬಾರದೆಂಬುದೂ ಆ ಸಿಟ್ಟಿನಲ್ಲಿ ನೆನಪಿರಲಿಲ್ಲ.

‘ಬರ್ದುಬುಟ್ರೆ ನಾಳಿಕೆ ಗಂಡ ಓದ್ಕಳಲ್ವಾ?’ ಎಂದರು ಕೆಂಪಮ್ಮ ಶಾಂತವಾಗಿ. ‘ಮುದ್ಕಿ ಆ ಮನೇಲೇ ತಾನೇ ಇರ್ಬೇಕು.’

ಎಂಟು ಹೆಂಗಸರೂ ತಲೆದೂಗಿದರು. ಆಮೇಲೆ ಯಾರೋ ಮೆಲ್ಲಗೆ ‘ಉಘೇ ಮಾದಪ್ಪ’ ಎಂದರು. ಅದು ಆ ಅತ್ತೆಗೇ ಹೇಳಿದ್ದೆಂದು ನನಗೆ ಸ್ಪಷ್ಟವಾಗಿ ಗೊತ್ತಾಯಿತು. ಕಾಯಿ ಒಡೆದು, ಹೂವು ತೆಗೆದು, ವಿಭೂತಿ ಒರೆಸಿ ಕೆಂಪಮ್ಮ ಪುಸ್ತಕವನ್ನು ನನ್ನ ಮಡಿಲಿಗೆ ಹಾಕಿದರು. ‘ತಗಂಡೋಗು ತಾಯಿ. ನಿನ್ನ ಕತೆ ನಮಗೆ ಬಂತು, ಇನ್ನು ಆಳೆ ಇಟ್ಕಂಡು ನಾವೇನು ಮಾಡಾನ?’ ಎಂದರು.

ವಾಪಸು ಬರುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಉರಿದುರಿದು ಬೀಳುತ್ತಿದ್ದೆ. ಹನ್ನೊಂದು ಸಲ ಓದಿದವಳು ನಾನು, ಐದು ವಾರ ಬರೀ ಕಿವಿಯಲ್ಲಿ ಕೇಳಿದವರು ಅವರು. ಏನೋ ಎಮ್ಮೆ ಕಟ್ಟುವ ಬುದ್ಧಿಗೆ ತೋಚಿದ್ದನ್ನು ಹೇಳಿದ್ದಾರೆ, ನಾನು ಪುಸ್ತಕದಿಂದಲೇ ತೋರಿಸಿಕೊಡುತ್ತೇನೆ, ಮುಂದಿನ ಸೋಮವಾರ ಹೋಗಿ ಸಾಲು ಸಾಲಾಗಿ ಓದಿ ಕೆಂಪಮ್ಮನ ಬಾಯಿ ಮುಚ್ಚಿಸುತ್ತೇನೆ ಎಂದು ಕೊನೆಯ ಅಧ್ಯಾಯ ತೆರೆದೆ. ಎರಡು ಸಲ ಊಟ. ಗೂಟ. ಕೈಗೊಂಚಲು. ಅದರ ಮುಂದಿನ ಸಾಲು: ಮುದುಕಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು, ಅವಳ ಹೆಗಲು ಒಂದೆರಡು ಸಲ ಅಲುಗಿತು. ಗೊರಕೆಯಿರಬೇಕೆಂದು ಹನ್ನೊಂದು ಸಲವೂ ದಾಟಿಕೊಂಡು ಬಂದಿದ್ದೆ.

ಆ ಸಾಲಿನ ಪಕ್ಕದ ಅಂಚಿನಲ್ಲಿ ಪೆನ್ಸಿಲ್ ಬರಹವಿತ್ತು. ಮದುವೆಯಾದ ಹೊಸತರಲ್ಲಿ ನಾನೇ ಬರೆದದ್ದು. ಕಾನ್ವೆಂಟಿನ ಕೋಲುಕೋಲಾದ ಚೆಂದದ ಅಕ್ಷರ, ಮುಂದೊಂದು ಆಶ್ಚರ್ಯ ಚಿಹ್ನೆ: ‘ಸಿಲ್ಲಿ ಓಲ್ಡ್ ವುಮನ್!’ ಮನೆಗೆ ಬಂದವಳೇ ರಬ್ಬರ್ ಹುಡುಕಿದೆ. ಸಿಕ್ಕಿತು ಕೂಡ. ಅಳಿಸಲು ಕೈ ಬರಲಿಲ್ಲ. ಇಪ್ಪತ್ತೊಂದು ವರ್ಷದ ಆ ಹುಡುಗಿ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ, ಮೂವತ್ತೈದು ವರ್ಷ ಮುಂಚಿತವಾಗಿ ಬರೆದಿಟ್ಟಿದ್ದಳು, ಅಷ್ಟೇ.